ಓಣಿಗೆ ಫೈಬರ್ ಎಳೆಯೋಕೆ ಎಷ್ಟು ಆಳು, ಎಷ್ಟು ದಿನ?

"ಎರಡು ಕಿಲೋಮೀಟರ್ ಐತಿ, ಎಷ್ಟು ದಿನದಾಗ ಮುಗಸ್ತೀರಿ?"

ಬಾಗಲಕೋಟೆ, ವಿಜಯಪುರ ಕಡೆ ಫೈಬರ್ ಕೆಲಸ ಹಿಡಿಯುವ ಯಾರನ್ನೇ ಕೇಳಿ, ಅವರಿಗೆ ಬರುವ ಮೊದಲ ಪ್ರಶ್ನೆ ಇದು. ಆರು ವರ್ಷದ ಹಿಂದೆ ನನಗೂ ಹೀಗೇ ಕೇಳಿದ್ದರು. ಮುಧೋಳ ತಾಲ್ಲೂಕಿನ ಒಂದು ಊರು, ಒಂದು ಕಿಲೋಮೀಟರ್ ಚಿಲ್ಲರೆ ದೂರ, ಅರವತ್ತು ಮನೆ. ಐದು ದಿನ ಸಾಕು ಅಂದೆ. ಹಿಡಿದದ್ದು ಹದಿಮೂರು ದಿನ. ಕೊನೆಯ ನಾಲ್ಕು ದಿನ ಹುಡುಗರು ರಾತ್ರಿ ಹತ್ತರವರೆಗೆ ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಕಂಬ ಹತ್ತಿ ಕೆಲಸ ಮಾಡಿದರು. ಕೆಲಸ ಕೊಟ್ಟವರು ಐದು ದಿನದ ದುಡ್ಡಷ್ಟೇ ಕೊಡ್ತೀವಿ ಅಂದರು. ಉಳಿದ ಎಂಟು ದಿನದ ಪಗಾರಕ್ಕೆ ಮೂರು ತಿಂಗಳು ಅಲೆದಾಡಿದೆ. ಅವರು ಕೇಳಿದ ಪ್ರಶ್ನೆ ತಪ್ಪಿತ್ತು, ನಾನು ಕೊಟ್ಟ ಉತ್ತರವೂ ತಪ್ಪಿತ್ತು. ಅದರ ಭಾರ ಬಿದ್ದದ್ದು ಮಾತ್ರ ಕಂಬದ ಮೇಲಿದ್ದ ಹುಡುಗರ ಮೇಲೆ.

ಹಾಗಾಗಿ ಈ ಲೆಕ್ಕ ಹೇಗೆ ಹಾಕಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಊರಲ್ಲಿ ಕೇಬಲ್ ಟಿವಿ ನಡೆಸುತ್ತಾ ಈಗ ಇಂಟರ್‌ನೆಟ್ ಕೊಡಲು ಹೊರಟವರಿಗೆ, ಗುತ್ತಿಗೆ ಹಿಡಿಯುವ ಹುಡುಗರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಬೆಳಕು ಬರುವ ದಾರಿ ನೋಡೋಣ. ಇಂಟರ್‌ನೆಟ್ ಕೊಡುವವರ ಕೋಣೆಯಲ್ಲಿ ಅದನ್ನು ಬೆಳಕಾಗಿ ಕಳಿಸುವ ಒಎಲ್‌ಟಿ ಅನ್ನುವ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಗಾಜಿನ ಎಳೆ, ಅಂದರೆ ಫೈಬರ್, ಹೊರಡುತ್ತದೆ. ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಬೆಳಕು ಓಡುವ ನಡುಭಾಗ ಬರೀ 9 ಮೈಕ್ರಾನ್. ದಾರಿಯಲ್ಲಿ ಸ್ಪ್ಲಿಟರ್ ಹಾಕಿ ಒಂದೇ ಎಳೆಯ ಬೆಳಕನ್ನು ಹಂಚುತ್ತಾರೆ. ಮೊದಲು ನಾಲ್ಕು ಪಾಲು, ಆಮೇಲೆ ಒಂದೊಂದೂ ಎಂಟು ಪಾಲು. ಹೀಗೆ ಒಂದು ಎಳೆಯಿಂದ 32 ಮನೆ. ಹಂಚಿದಷ್ಟೂ ಬೆಳಕು ಸೊರಗುತ್ತದೆ. ನಾಲ್ಕು ಪಾಲಿನ ಸ್ಪ್ಲಿಟರ್ ಸುಮಾರು 7 ಡಿಬಿ (ಡೆಸಿಬೆಲ್, ಬೆಳಕು ಎಷ್ಟು ಸೊರಗಿತು ಅನ್ನುವ ಅಳತೆ) ತಿನ್ನುತ್ತದೆ, ಎಂಟು ಪಾಲಿನದು ಸುಮಾರು 10.5. ಹೀಗೆ ಒಂದೇ ಎಳೆಯನ್ನು ಹಂಚುವ ಜಿಪಾನ್ ಪದ್ಧತಿಯಲ್ಲಿ ಜಾಸ್ತಿ ಬಳಕೆಯಲ್ಲಿರುವ ಬಿ ಪ್ಲಸ್ ದರ್ಜೆಯ ಮಾಡ್ಯೂಲ್ (ಬೆಳಕು ಕಳಿಸುವ, ಹಿಡಿಯುವ ಭಾಗ) ಒಟ್ಟು 28 ಡಿಬಿ ತನಕ ತಾಳಿಕೊಳ್ಳುತ್ತದೆ. ಸ್ಪ್ಲಿಟರ್‌ಗಳಿಗೇ ಹದಿನೇಳೂವರೆ ಹೋಯಿತು. ಉಳಿದ ಹತ್ತರಲ್ಲಿ ಕೇಬಲ್ ಉದ್ದ, ಜಾಯಿಂಟ್ (ಎರಡು ಎಳೆಯ ಬೆಸುಗೆ), ಕನೆಕ್ಟರ್ ಎಲ್ಲಾ ಮುಗಿಯಬೇಕು. ನಾಳೆ ಕೇಬಲ್ ಹರಿದರೆ ರಿಪೇರಿ ಜಾಯಿಂಟಿಗೂ ಒಂದಿಷ್ಟು ಉಳಿಯಬೇಕು. ಅವಸರದಲ್ಲಿ ಮಾಡಿದ ಜಾಯಿಂಟ್ ಈ ಹತ್ತನ್ನೇ ತಿನ್ನುತ್ತದೆ, ಆಮೇಲೆ ಅದೇ ಕಂಬವನ್ನು ಇನ್ನೊಂದು ಸಲ ಹತ್ತಿಸುತ್ತದೆ.

ಈಗ ಅಳತೆಗೆ ಬರೋಣ. ಇಬ್ಬರು ಸೇರಿ ಮೂರು ಗಂಟೆ ಕೆಲಸ ಮಾಡಿದರೆ ಅದು ಆರು ಆಳು-ಗಂಟೆ. ಪಗಾರ ನಿಂತಿರುವುದು ಇದರ ಮೇಲೆ. ಕೆಲಸ ಯಾವ ತಾರೀಖಿಗೆ ಮುಗಿಯುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಈ ಎರಡನ್ನೂ ಒಂದೇ ಅಂದುಕೊಂಡದ್ದೇ ನನ್ನ ಮೊದಲ ತಪ್ಪು. ಇನ್ನೊಂದು ಮಾತು: ಎಂಟು ಗಂಟೆ ಡ್ಯೂಟಿ ಅಂದರೆ ಎಂಟು ಗಂಟೆ ಕೆಲಸ ಅಲ್ಲ. ಸಾಮಾನು ಇಳಿಸಬೇಕು, ಏಣಿ ಹೊತ್ತು ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಗಬೇಕು, ಊಟ ಮಾಡಬೇಕು, ಚಹಾ ಕುಡಿಯಬೇಕು. ನಾನು ದಿನಕ್ಕೆ ಆರು ಗಂಟೆ ಹಿಡಿಯುತ್ತೇನೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಅದೂ ಆಗುವುದಿಲ್ಲ. ಬೆಳಗಿನ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ಕೆಳಗಿಳಿಯಬೇಕು, ಮತ್ತೆ ನಾಲ್ಕರ ನಂತರವೇ ಹತ್ತಬೇಕು. ಆ ತಿಂಗಳುಗಳಿಗೆ ಐದು ಗಂಟೆ ಬರೆಯಿರಿ. ಮಧ್ಯಾಹ್ನ ಎರಡಕ್ಕೆ ಕಾದ ಕಂಬದ ಮೇಲೆ ಮನುಷ್ಯನನ್ನು ಹತ್ತಿಸಿ ಲೆಕ್ಕ ಸರಿಮಾಡುವುದು ಬೇಡ.

ಒಂದು ಉದಾಹರಣೆ

ವಿಜಯಪುರದ ಹೊರಗಿನ ಒಂದು ಬಡಾವಣೆ ಅಂದುಕೊಳ್ಳಿ. 80 ಮನೆ. ಕಂಬದ ಮೇಲೆ ಒಟ್ಟು 1.8 ಕಿಲೋಮೀಟರ್ ಕೇಬಲ್. 40 ಮೀಟರಿಗೆ ಒಂದರಂತೆ 45 ಕಂಬ. ಎಂಟು ಪಾಲಿನ ಸ್ಪ್ಲಿಟರ್ ಇರುವ ಬಾಕ್ಸ್ 12, ಅಂದರೆ 96 ಮನೆಗೆ ಜಾಗ. ಹದಿನಾರು ಮುಂದಿನವರಿಗೆ ಇರಲಿ. ಮೊದಲ ಹಂತದಲ್ಲಿ 50 ಮನೆಯವರು ಕನೆಕ್ಷನ್ ಕೇಳಿದ್ದಾರೆ. ಕೆಳಗೆ ಬರುವ ನಿಮಿಷಗಳು ನನ್ನ ಡೈರಿಯವು. ನಿಮ್ಮ ತಂಡದ ನಿಮಿಷ ಬೇರೆ ಇರುತ್ತವೆ, ಅವನ್ನೇ ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಸರ್ವೆಗೆ ಇಬ್ಬರು, ಒಂದು ದಿನ: 12 ಆಳು-ಗಂಟೆ. ಇದನ್ನು ಉಳಿಸಲು ಹೋಗಬೇಡಿ. ಯಾವ ಕಂಬ ವಾಲಿದೆ, ಎಲ್ಲಿ ರಸ್ತೆ ದಾಟಬೇಕು, ಯಾವ ಮನೆಯ ಮುಂದೆ ಬೇವಿನ ಮರದ ಕೊಂಬೆ ಅಡ್ಡ ಬರುತ್ತದೆ, ಎಲ್ಲಾ ಕಾಲ್ನಡಿಗೆಯಲ್ಲೇ ಗೊತ್ತಾಗುವುದು.

ಕಂಬಕ್ಕೆ ಕ್ಲ್ಯಾಂಪ್ ಹಾಕಲು ಇಬ್ಬರು, ಕಂಬಕ್ಕೆ 20 ನಿಮಿಷ. 45 ಕಂಬಕ್ಕೆ 15 ಗಂಟೆ, ಅಂದರೆ 30 ಆಳು-ಗಂಟೆ.

ಕೇಬಲ್ ಎಳೆಯಲು ಐವರು ಬೇಕು. ಒಬ್ಬ ಡ್ರಮ್ ಹತ್ತಿರ, ಇಬ್ಬರು ಎಳೆಯಲು, ಒಬ್ಬ ಏಣಿಯ ಮೇಲೆ, ಒಬ್ಬ ರಸ್ತೆಯಲ್ಲಿ ಗಾಡಿ ನಿಲ್ಲಿಸಲು. ದಿನಕ್ಕೆ 600 ಮೀಟರ್ ಹಿಡಿದರೆ ಮೂರು ದಿನ: 90 ಆಳು-ಗಂಟೆ. ಇಲ್ಲಿ ಒಬ್ಬನನ್ನು ಕಡಿಮೆ ಮಾಡಿದರೆ ಐದನೇ ಒಂದು ಪಾಲು ಉಳಿಯುತ್ತದೆ ಅನ್ನಿಸುತ್ತದೆ. ಉಳಿಯುವುದಿಲ್ಲ. ರಸ್ತೆ ಕಾಯುವವನು ಇಲ್ಲದಿದ್ದರೆ ಕೆಲಸವೇ ನಿಲ್ಲುತ್ತದೆ. ಇಲ್ಲಾ, ಕೇಬಲ್ ಮೇಲೆ ಟ್ರ್ಯಾಕ್ಟರ್ ಹೋಗುತ್ತದೆ.

ಜಾಯಿಂಟ್ ಕೆಲಸ ಹೀಗೆ. ಕೋಣೆಯ ಕಡೆ 12 ಎಳೆ, ದೊಡ್ಡ ಜಾಯಿಂಟ್ ಬಾಕ್ಸ್‌ನಲ್ಲಿ ಮೂರು ಸ್ಪ್ಲಿಟರ್‌ಗೆ ಒಳಬರುವ 3, ಹೊರಹೋಗುವ 12, ಕಂಬದ ಬಾಕ್ಸ್ ಒಂದಕ್ಕೆ ಒಂದರಂತೆ 12. ಒಟ್ಟು 39 ಜಾಯಿಂಟ್. ಒಂದಕ್ಕೆ 5 ನಿಮಿಷದಂತೆ ಮೂರೂಕಾಲು ಗಂಟೆ ಅಷ್ಟೇ ಅಲ್ವಾ ಅಂತ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಕೇಬಲ್ ಸಿಪ್ಪೆ ಸುಲಿಯಬೇಕು, ಒಳಗಿನ ಜೆಲ್ ಒರೆಸಬೇಕು, ಬಾಕ್ಸ್ ಕಂಬಕ್ಕೆ ಕೂರಿಸಬೇಕು, ಪವರ್ ಮೀಟರ್ ಹಿಡಿದು ಬೆಳಕು ಎಷ್ಟು ಬರುತ್ತಿದೆ ನೋಡಬೇಕು. ಕೋಣೆಯಲ್ಲಿ ಇದಕ್ಕೆ 45 ನಿಮಿಷ, ದೊಡ್ಡ ಬಾಕ್ಸ್‌ಗೆ ಒಂದು ಗಂಟೆ, ಕಂಬದ ಬಾಕ್ಸ್ ಒಂದೊಂದಕ್ಕೂ 50 ನಿಮಿಷ. ಎಲ್ಲಾ ಕೂಡಿಸಿದರೆ 15 ಗಂಟೆ. ಎಳೆ ಬೆಸೆಯುವ ಸ್ಪ್ಲೈಸರ್ ಜೊತೆಗೆ ಒಬ್ಬ ಸಹಾಯಕ ಇರುವುದರಿಂದ 30 ಆಳು-ಗಂಟೆ.

ಇನ್ನು ಮನೆಗಳು. ಇಬ್ಬರು, ಮನೆಗೆ 90 ನಿಮಿಷ, 50 ಮನೆ: 150 ಆಳು-ಗಂಟೆ. ಕೊನೆಗೆ ಓಟಿಡಿಆರ್ (ಎಳೆಯಲ್ಲಿ ಎಲ್ಲಿ ಬೆಳಕು ಸೊರಗಿದೆ ಅಂತ ತೋರಿಸುವ ಮಷಿನ್) ಹಾಕಿ ಇಡೀ ಲೈನ್ ಪರೀಕ್ಷೆ ಮಾಡಿ, ಯಾವ ಎಳೆ ಯಾವ ಬಾಕ್ಸ್‌ಗೆ ಹೋಗಿದೆ ಅಂತ ಬರೆದಿಡಲು ಇಬ್ಬರಿಗೆ ಒಂದು ದಿನ, 12.

ಒಟ್ಟು 324 ಆಳು-ಗಂಟೆ. ದಿನಕ್ಕೆ ಆರರಂತೆ 54 ಆಳು-ದಿನ.

ಈ ಮೊತ್ತಕ್ಕಿಂತ ಅದರ ಒಳಗಿನ ಪಾಲು ನೋಡಿ. ಜನ ದೊಡ್ಡ ಕೆಲಸ ಅಂದುಕೊಳ್ಳುವ ಜಾಯಿಂಟ್ ನೂರಕ್ಕೆ ಒಂಬತ್ತು ಪಾಲು. ಕೇಬಲ್ ಎಳೆಯುವುದು ಇಪ್ಪತ್ತೆಂಟು. ಮನೆ ಬಾಗಿಲ ಕೆಲಸ ನಲವತ್ತಾರು. ಕಿಲೋಮೀಟರ್ ಲೆಕ್ಕದಲ್ಲಿ ರೇಟ್ ಕೇಳಿದರೆ ಈ ನಲವತ್ತಾರು ಪಾಲು ಕಣ್ಣಿಗೇ ಬೀಳುವುದಿಲ್ಲ. ಅದೇ 1.8 ಕಿಲೋಮೀಟರಿನಲ್ಲಿ 20 ಮನೆ ಇದ್ದರೆ ಒಂದು ಲೆಕ್ಕ, 90 ಇದ್ದರೆ ಇನ್ನೊಂದು. ನನ್ನ ಐದು ದಿನ ಹದಿಮೂರಾದದ್ದು ಇಲ್ಲೇ.

ಮನೆ ಬಾಗಿಲಲ್ಲಿ ಹೋಗುವ ಹೊತ್ತು

ಮನೆಗೆ 90 ನಿಮಿಷ ಅಂತ ಎಲ್ಲಿಂದ ಬಂತು? ಯಾವ ಮನೆಯೂ ಸರಿಯಾಗಿ 90 ತೆಗೆದುಕೊಳ್ಳುವುದಿಲ್ಲ. ಎಲ್ಲಾ ಸಲೀಸಾದರೆ 45 ನಿಮಿಷ. ಸಾಮಾನ್ಯವಾಗಿ 80. ಕೆಟ್ಟ ದಿನ 180. ಇಂಥ ಕಡೆ ಮೂರನ್ನೂ ಸೇರಿಸುವ ಒಂದು ಹಳೆಯ ಸೂತ್ರ ಇದೆ. ಸಾಮಾನ್ಯದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಕೂಡಿಸಿ, ಆರರಿಂದ ಭಾಗಿಸಿ. 45, 320, 180 ಸೇರಿ 545. ಆರರಿಂದ ಭಾಗಿಸಿದರೆ 91ರ ಹತ್ತಿರ. ಅಮೆರಿಕದ ನೌಕಾಪಡೆ 1950ರ ದಶಕದ ಕೊನೆಯಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಮಾಡಿಕೊಂಡ ಪರ್ಟ್ ಅನ್ನುವ ವಿಧಾನ ಇದು. ನಮ್ಮ ಓಣಿಗೂ ಚೆನ್ನಾಗಿ ಒಗ್ಗುತ್ತದೆ. ಇದರ ಒಳ್ಳೆಯ ಗುಣ ಅಂದರೆ, ಕೆಟ್ಟ ದಿನ ಹೇಗಿರುತ್ತದೆ ಅಂತ ಮೊದಲೇ ಯೋಚಿಸುವ ಹಾಗೆ ಮಾಡುತ್ತದೆ.

ಕೆಟ್ಟ ದಿನ ಹೀಗಿರುತ್ತದೆ. ಹಳೆಯ ಮಾಳಿಗೆ ಮನೆ. ಗೋಡೆ ಎರಡು ಅಡಿ ದಪ್ಪ. ಹೊರಗೆ ಕಲ್ಲು, ಒಳಗೆ ಮಣ್ಣು. ಡ್ರಿಲ್ ಬಿಟ್ ಕಲ್ಲು ದಾಟಿದ ಕೂಡಲೇ ಮಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗೆ ಎಳೆದರೆ ತೂತಿನ ಒಳಗೆ ಮಣ್ಣು ಕುಸಿಯುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಕರೆಂಟ್ ಬಂತು, ಇನ್ನೇನು ಶುರು ಮಾಡಬೇಕು ಅನ್ನುವಾಗ ಒಳಗಿಂದ ಅಜ್ಜಿ ಬರುತ್ತಾರೆ. "ಇವತ್ತ ಅಮಾಸಿ ಐತಿ ತಮ್ಮಾ. ಗ್ವಾಡಿಗಿ ತೂತ ಹಾಕಬ್ಯಾಡ್ರಿ. ನಾಳಿ ಬರ್ರಿ." ಅವರ ಮನೆ, ಅವರ ಗೋಡೆ. "ಆಗಲಿ ಬಿಡ್ರಿ ಆಯಿ" ಅಂದು ಸಾಮಾನು ಕಟ್ಟಬೇಕು. ಮರುದಿನ ಮತ್ತೆ ಏಣಿ, ಮತ್ತೆ ಅದೇ ಓಣಿ. ಹೀಗೆ ಎರಡನೇ ಸಲ ಹೋಗುವುದಕ್ಕೆ ಪಟ್ಟಿಯಲ್ಲಿ ಜಾಗ ಬೇಕು. ಹಳೆಯ ಊರೊಳಗೆ ಹತ್ತು ಮನೆಗೆ ಎರಡು ಮನೆ ಹೀಗೆ ಅಂತ ನಾನು ಹಿಡಿಯುತ್ತೇನೆ. ಬಾಗಲಕೋಟೆಯ ನವನಗರದಂಥ ಕಡೆ ಇಷ್ಟು ಬೇಕಾಗುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರಿಗಾಗಿ ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರದು. ರಸ್ತೆ ನೇರ, ಗೋಡೆ ಇಟ್ಟಿಗೆಯದು. ಅದೇ ಇಬ್ಬರು ಹುಡುಗರು ಹಳೆ ಬಾಗಲಕೋಟೆಯಲ್ಲಿ ದಿನಕ್ಕೆ ಮೂರು ಮನೆ ಮಾಡಿದರೆ ಇಲ್ಲಿ ಐದು ಮಾಡುತ್ತಾರೆ.

ಜಾಯಿಂಟಿನ ಆ ಐದು ನಿಮಿಷವನ್ನೂ ಒಮ್ಮೆ ಹತ್ತಿರದಿಂದ ನೋಡಿ. ಎಳೆಯ ಮೇಲಿನ ಬಣ್ಣದ ಲೇಪ ತೆಗೆಯಬೇಕು. ಸ್ಪಿರಿಟ್ ಹಚ್ಚಿದ ಒರೆಸುವ ಕಾಗದದಿಂದ ಎರಡು ಸಲ ಒರೆಸಬೇಕು. ಸರಿಯಾಗಿ ಒರೆಸಿದಾಗ ಗಾಜು ಕಿರ್ ಅನ್ನುತ್ತದೆ. ಆಮೇಲೆ ಕ್ಲೀವರ್‌ನಲ್ಲಿ ನೇರ ಕತ್ತರಿಸಬೇಕು. ಎರಡು ತುದಿಯನ್ನೂ ಮಷಿನ್‌ನಲ್ಲಿ ಇಟ್ಟರೆ ಅದು ಹತ್ತು ಸೆಕೆಂಡಿನಲ್ಲಿ ಕಿಡಿ ಕೊಟ್ಟು ಬೆಸೆಯುತ್ತದೆ. ಮೇಲೆ ಸ್ಲೀವ್ (ಬೆಸುಗೆ ಕಾಪಾಡುವ ಪುಟ್ಟ ಕೊಳವೆ) ಸರಿಸಿ ಕಾಯಿಸಲು ಇನ್ನು ಅರ್ಧ ನಿಮಿಷ. ಮಷಿನ್ ಮಾಡುವುದು ಒಂದು ನಿಮಿಷಕ್ಕೂ ಕಡಿಮೆ. ಉಳಿದ ನಾಲ್ಕು ಕೈಯ ಕೆಲಸ. ಸ್ಲೀವ್ ಮೊದಲೇ ಹಾಕಲು ಮರೆತರೆ ಜಾಯಿಂಟ್ ಒಡೆದು ಮತ್ತೆ ಮೊದಲಿನಿಂದ. ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಹನ್ನೆರಡು ಬಣ್ಣದ ಕ್ರಮ ಇದೆ. ಸಂಜೆ ಬೆಳಕಿನಲ್ಲಿ ಕಂದೂ ಕೆಂಪೂ ಒಂದೇ ಥರ ಕಾಣುತ್ತವೆ. ಆ ಹೊತ್ತಿಗೆ ದಣಿದ ಕಣ್ಣು ಒಂದು ಎಳೆ ಅದಲುಬದಲು ಮಾಡಿದರೆ, ಹುಡುಕಿ ಸರಿಮಾಡಲು ಮರುದಿನದ ಅರ್ಧ ಹೊತ್ತು ಬೇಕು. ಸಂಜೆ ಆರರ ನಂತರ ನಾನು ಜಾಯಿಂಟ್ ಮಾಡಿಸುವುದಿಲ್ಲ.

ನೆಲ ಅಗೆಯಬೇಕಾದರೆ

ಈವರೆಗಿನದು ಕಂಬದ ಮೇಲಿನ ಮಾತು. ಅದೇ 1.8 ಕಿಲೋಮೀಟರ್ ನೆಲದೊಳಗೆ ಹೋಗಬೇಕು ಅಂದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. 30 ಸೆಂಟಿಮೀಟರ್ ಅಗಲ, ಒಂದು ಮೀಟರ್ ಆಳ ಅಂದರೂ ಮೀಟರ್ ಉದ್ದಕ್ಕೆ 0.3 ಘನ ಮೀಟರ್ ಮಣ್ಣು. ಒಟ್ಟು 540 ಘನ ಮೀಟರ್. ಮೆತ್ತನೆ ನೆಲದಲ್ಲಿ ಒಬ್ಬ ದಿನಕ್ಕೆ 2 ಘನ ಮೀಟರ್ ಅಗೆದರೆ 270 ಆಳು-ದಿನ. ಬರೀ ಅಗೆಯುವುದಕ್ಕೆ! ಕಂಬದ ಮೇಲಿನ ಇಡೀ ಕೆಲಸ 54ರಲ್ಲಿ ಮುಗಿದಿತ್ತು. ಊರಿಂದ ಊರಿಗೆ ಹೋಗುವ ಮುಖ್ಯ ಕೇಬಲಿಗೆ 1.65 ಮೀಟರ್ ಆಳ ಕೇಳುತ್ತಾರೆ, ಅದು ಇನ್ನೂ ದೊಡ್ಡ ಮಾತು. ಅದಕ್ಕೇ ಜೆಸಿಬಿ, ಅದಕ್ಕೇ ರಸ್ತೆಯಡಿ ಅಡ್ಡ ಕೊರೆಯುವ ಮಷಿನ್.

ನೆಲವೂ ಎಲ್ಲಾ ಕಡೆ ಒಂದೇ ಅಲ್ಲ. ನಮ್ಮ ಹಿರಿಯರು ಎರಿ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು), ಗರಸು (ಹರಳುಗಲ್ಲಿನ ನೆಲ), ಮಡ್ಡಿ (ಗಟ್ಟಿ ಕಲ್ಲುನೆಲ) ಅಂತ ಹೆಸರಿಟ್ಟದ್ದು ಬಿತ್ತನೆಗೆ. ಅದು ಕಾಲುವೆ ತೋಡುವವನಿಗೂ ಅಷ್ಟೇ ಉಪಯೋಗ. ಮಸಾರಿಯಲ್ಲಿ ಗುದ್ದಲಿ ಇಳಿಯುತ್ತದೆ. ಗರಸಿಗೆ ಪಿಕಾಸಿ ಬೇಕು. ಮಡ್ಡಿಯಲ್ಲಿ ದಿನಕ್ಕೆ ಒಂದು ಘನ ಮೀಟರ್ ಆದರೆ ದೊಡ್ಡದು, ಆಗ 270 ಇದ್ದದ್ದು 540 ಆಗುತ್ತದೆ. ಇಳಕಲ್ಲಿನ ಗ್ರಾನೈಟ್, ಬಾದಾಮಿಯ ಕೆಂಪು ಮರಳುಗಲ್ಲು ಸಿಕ್ಕರೆ ಕಲ್ಲು ಒಡೆಯುವ ಬ್ರೇಕರ್ ಇಲ್ಲದೆ ಮುಂದೆ ಹೋಗುವ ಹಾಗೇ ಇಲ್ಲ. ಡೋಣಿ ನದಿ ಬಯಲಿನ ಎರಿ ಒಣಗಿದಾಗ ಬಿರುಕು ಬಿಡುತ್ತದೆ, ಒಂದು ದೊಡ್ಡ ಮಳೆ ಬಿದ್ದರೆ ಉಬ್ಬುತ್ತದೆ. ಆ ಕೆಸರಿಗೆ ಜೆಸಿಬಿ ಇಳಿಸಿದರೆ ಅದನ್ನು ಎತ್ತಲು ಇನ್ನೊಂದು ಜೆಸಿಬಿ ತರಬೇಕು. ಎರಿಯಲ್ಲಿ ನೆಟ್ಟ ಹೊಸ ಕಂಬ ಮೊದಲ ಮಳೆಗಾಲಕ್ಕೆ ವಾಲುತ್ತದೆ. ಮತ್ತೆ ನೇರ ಮಾಡುವ ಹೊತ್ತನ್ನೂ ಅಂದಾಜಿನಲ್ಲೇ ಬರೆಯಿರಿ. ಖಾನಾಪುರ ಕಡೆಯ ತೊಂದರೆ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ ಮಳೆ ಬಿಡುವುದಿಲ್ಲ, ತೇವದಲ್ಲಿ ಜಾಯಿಂಟ್ ಬಾಕ್ಸ್ ತೆರೆಯೋಕೆ ಆಗುವುದಿಲ್ಲ.

ಇನ್ನು ತಾರೀಖಿನ ಲೆಕ್ಕ. ನಮ್ಮ 54 ಆಳು-ದಿನ ಕ್ಯಾಲೆಂಡರ್‌ನಲ್ಲಿ ಎಷ್ಟು? ಸರ್ವೆ 1, ಕ್ಲ್ಯಾಂಪ್ ಎರಡೂವರೆ, ಎಳೆಯಲು 3, ಜಾಯಿಂಟ್ ಎರಡೂವರೆ, ಪರೀಕ್ಷೆ 1. ಮನೆಗಳಿಗೆ ಒಂದೇ ಜೋಡಿ ಬಿಟ್ಟರೆ ಹನ್ನೆರಡೂವರೆ ದಿನ, ಎರಡು ಜೋಡಿ ಬಿಟ್ಟರೆ ಆರೂಕಾಲು. ಒಂದರ ಹಿಂದೆ ಒಂದು ಮಾಡಿದರೆ ಎರಡು ಜೋಡಿಯಲ್ಲಿ ಸುಮಾರು 16 ಕೆಲಸದ ದಿನ, ಒಂದು ಜೋಡಿಯಲ್ಲಿ 22ರ ಮೇಲೆ. ಪಗಾರ ಎರಡರಲ್ಲೂ ಒಂದೇ. ಬೇಗ ಮುಗಿಸಿ ಅಂತ ಒತ್ತಾಯ ಬಂದಾಗ ಎಲ್ಲಿ ಜನ ಸೇರಿಸಬೇಕು ಅಂತ ಇದು ತೋರಿಸುತ್ತದೆ. ಮಷಿನ್ ಒಂದೇ ಇರುವಾಗ ಇನ್ನೊಬ್ಬ ಸ್ಪ್ಲೈಸರ್‌ನನ್ನು ಕರೆಸಿದರೆ ಅವನು ಸುಮ್ನೆ ಕೂರುತ್ತಾನೆ.

ಇದರ ಮೇಲೆ ಕಾಯುವ ದಿನಗಳು ಬರುತ್ತವೆ. ಅವು ಆಳು-ಗಂಟೆಯಲ್ಲಿ ಕಾಣುವುದಿಲ್ಲ, ಆದರೂ ತಾರೀಖನ್ನು ನುಂಗುತ್ತವೆ. ವಿದ್ಯುತ್ ಕಂಪನಿ ಹೆಸ್ಕಾಂನ ಕಂಬ ಬಳಸಲು ಅನುಮತಿ ಬೇಕು, ಕೆಲವು ಕಡೆ ಲೈನ್ ಬಂದ್ ಮಾಡಿಸಿಕೊಂಡೇ ಹತ್ತಬೇಕು. ರಸ್ತೆ ಅಗೆಯಲು ರಸ್ತೆ ಯಾರದೋ ಅವರ ಒಪ್ಪಿಗೆ ಬೇಕು. ಇದಕ್ಕೆ 2025ರ ಜನವರಿ 1ರಿಂದ ಹೊಸ ಮಾರ್ಗಹಕ್ಕು (ಕೇಬಲ್ ಹಾಯಿಸಲು ಜಾಗ ಬಳಸುವ ಹಕ್ಕು) ನಿಯಮ ಜಾರಿಯಲ್ಲಿದೆ. ವಿಜಯಪುರದ ಒಳಗಂತೂ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಅಂತ ಹೆಜ್ಜೆಗೊಂದು ಸ್ಮಾರಕ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ ಕಾಯ್ದೆಯಲ್ಲೇ ಇದೆ. ಅಲ್ಲಿ ಕೇಳದೆ ಗುದ್ದಲಿ ಹಾಕಬೇಡಿ. ದಾರಿಯನ್ನೇ ಬದಲಿಸಿದರೆ ಒಳ್ಳೆಯದು. ಇನ್ನೂರು ಮೀಟರ್ ಕೇಬಲ್ ಜಾಸ್ತಿ ಹೋದರೂ ಎರಡು ತಿಂಗಳು ಉಳಿಯಬಹುದು.

ಹಬ್ಬಗಳನ್ನೂ ಪಟ್ಟಿಗೆ ಸೇರಿಸಿ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಹೊಲಕ್ಕೆ ಹೋಗುತ್ತಾರೆ, ಯಾರೂ ಕೆಲಸಕ್ಕೆ ಬರುವುದಿಲ್ಲ, ಬರಲೂಬಾರದು. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಅದರ ಆಸುಪಾಸಿನಲ್ಲೇ ಬಾದಾಮಿಯಲ್ಲಿ ಬನಶಂಕರಿ ಜಾತ್ರೆ. ಬೆಳಗಾವಿಯಲ್ಲಿ ಗಣಪತಿ ವಿಸರ್ಜನೆಯ ದಾರಿಗೆ ಕೇಬಲ್ ಕಟ್ಟಿದ್ದರೆ ಎತ್ತರದ ಮೂರ್ತಿಗಳಿಗಾಗಿ ಅದನ್ನು ಮೇಲೆತ್ತಲು ಜನ ನಿಲ್ಲಿಸಬೇಕು. ಕಬ್ಬಿನ ಹಂಗಾಮು ಇನ್ನೂ ದೊಡ್ಡದು. ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಕಡೆ ಕಾರ್ಖಾನೆ ಶುರುವಾದರೆ ಅರ್ಧ ಆಳುಗಳು ಕಬ್ಬು ಕಡಿಯಲು ಹೋಗುತ್ತಾರೆ. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಮೇಲೆ ಒಟ್ಟಿದ ಕಬ್ಬು ರಸ್ತೆ ದಾಟುವ ಕೇಬಲನ್ನು ಹರಿದುಕೊಂಡೇ ಹೋಗುತ್ತದೆ. ಅಲ್ಲಿ ರಸ್ತೆ ದಾಟುವ ಜಾಗ ಒಂದೊಂದನ್ನೂ ನಾನು ಬೇರೆ ಸಾಲಾಗಿ ಬರೆಯುತ್ತೇನೆ. ಎರಡೂ ಬದಿಗೆ ಎತ್ತರದ ಕಂಬ, ಮೂವರು, ಅರ್ಧ ದಿನ.

ಇಷ್ಟೆಲ್ಲಾ ಯಾಕೆ, ಒಟ್ಟಿನ ಮೇಲೆ ನೂರಕ್ಕೆ ಇಪ್ಪತ್ತು ಸೇರಿಸಿದರೆ ಆಗುವುದಿಲ್ಲವಾ ಅಂತ ಕೇಳುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ರೇಟ್ ಜಗ್ಗುವವರು ಮೊದಲು ಕತ್ತರಿಸುವುದೇ ಆ ಇಪ್ಪತ್ತನ್ನು. 'ಹಳೆಯ ಗೋಡೆ, ಹತ್ತು ಮನೆ, ಎರಡನೇ ಭೇಟಿ' ಅಂತ ಸಾಲಾಗಿ ಬರೆದರೆ, ಕತ್ತರಿಸುವವರು ಯಾವ ಕೆಲಸ ಬೇಡ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅಲ್ಲಿ ಮಾತಿಗೆ ಜಾಗ ಸಿಗುತ್ತದೆ. ಹುಡುಗರ ಪಗಾರವೂ ಉಳಿಯುತ್ತದೆ.

ಈ ನಿಮಿಷಗಳು ಸಿಗುವುದು ಡೈರಿಯಿಂದ. ದಿನದ ಕೊನೆಗೆ ಹತ್ತು ನಿಮಿಷ ಸಾಕು. ಎಷ್ಟು ಕಂಬ, ಎಷ್ಟು ಜಾಯಿಂಟ್, ಎಷ್ಟು ಮನೆ, ಎಷ್ಟು ಜನ, ಎಲ್ಲಿ ನಿಂತಿತು, ಯಾಕೆ. ಹೋದ ವರ್ಷ ಅಥಣಿ ಕಡೆಯ ಒಂದು ಊರಿಗೆ ಕಂಬಕ್ಕೆ ಇಬ್ಬರು, 20 ನಿಮಿಷ ಅಂತಲೇ ಹಿಡಿದಿದ್ದೆ. ಡೈರಿಯಲ್ಲಿ ಬಂದದ್ದು ಮೂವರು, 28 ನಿಮಿಷ. ಕಬ್ಬಿನ ಹೊಲಕ್ಕೆ ನೀರು ಬಿಟ್ಟಿದ್ದರಿಂದ ಕಂಬದ ಬುಡದ ಎರಿಯಲ್ಲಿ ಏಣಿ ನಿಲ್ಲುತ್ತಿರಲಿಲ್ಲ, ಒಬ್ಬ ಪೂರ್ತಿ ಹೊತ್ತು ಏಣಿ ಹಿಡಿದೇ ನಿಂತಿದ್ದ. ಕಂಬಕ್ಕೆ 40 ಆಳು-ನಿಮಿಷ ಇದ್ದದ್ದು 84 ಆಯಿತು. ಈಗ ನನ್ನ ಪಟ್ಟಿಯಲ್ಲಿ 'ನೀರಾವರಿ ಹೊಲದ ಅಂಚಿನ ಕಂಬ' ಅಂತ ಬೇರೆ ಸಾಲಿದೆ. ಎದುರಿಗೆ 84 ಅಂತ ಬರೆದಿದ್ದೇನೆ.